ಇಂಚು, ಸೆಂಟು, ಸಿ: ತೋಟದ ಮಳೆ ಲೆಕ್ಕಕ್ಕೊಂದು ಪ್ರೋಗ್ರಾಮ್

ಕೊಡಗಿನ ಕಾಫಿ ತೋಟಗಳಲ್ಲಿ ಮಳೆಯನ್ನು ಇಂಚು–ಸೆಂಟಿನಲ್ಲಿ ಬರೆದಿಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಆ ಲೆಕ್ಕವನ್ನು ಫೈಲಿನಿಂದ ಓದಿ, ತಿಂಗಳ ಮೊತ್ತವನ್ನೂ ಹೂಮಳೆಯಿಂದ (ಕಾಫಿ ಹೂ ಅರಳಿಸುವ ಮಳೆ) ಬ್ಯಾಕಿಂಗ್ ಮಳೆಯವರೆಗಿನ (ಆಮೇಲೆ ಕಾಯಿ ಕಟ್ಟಲು ಬೇಕಾದ ಮಳೆ) ದಿನಗಳನ್ನೂ ಹೇಳುವ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆದೆ. ಸ್ಟ್ರಕ್ಟ್ (ಹಲವು ಮಾಹಿತಿಯನ್ನು ಒಟ್ಟಿಗಿಡುವ ದಾಖಲೆ), ಪಾಯಿಂಟರ್ (ಮೆಮೊರಿಯ ವಿಳಾಸ), ಫೈಲ್, ಫಂಕ್ಷನ್ ಪಾಯಿಂಟರ್ ಎಲ್ಲವೂ ಇದರಲ್ಲಿ ತಾವಾಗಿಯೇ ಬೇಕಾಗುತ್ತವೆ.

ಮೊದಲು ತೀರ್ಮಾನಿಸಬೇಕಾದ್ದು ಮಳೆಯನ್ನು ಯಾವ ಟೈಪಿನಲ್ಲಿಡುವುದು ಎಂದು. ಡಬಲ್ (ದಶಮಾಂಶ ಸಂಖ್ಯೆಯ ಟೈಪ್) ಬೇಡ. 0.1 ಬೈನರಿಯಲ್ಲಿ ಕರಾರುವಾಕ್ಕಾಗಿ ಕೂರುವುದಿಲ್ಲ. ಹತ್ತು ಸಲ ಕೂಡಿದರೆ 1.0ಕ್ಕೆ ಸಮವಾಗದೆ, ‘ಒಂದು ಇಂಚು ಬಿತ್ತೇ’ ಎಂಬ ಪರೀಕ್ಷೆಯೇ ತಪ್ಪುತ್ತದೆ. ಎಲ್ಲವನ್ನೂ ಸೆಂಟಿನಲ್ಲಿ, ಲಾಂಗ್ (ದೊಡ್ಡ ಪೂರ್ಣಾಂಕದ ಟೈಪ್) ಆಗಿ ಇಟ್ಟೆ. ಮಿಲಿಮೀಟರ್ ಬೇಕಾದಾಗ ಸೆಂಟನ್ನು 254ರಿಂದ ಗುಣಿಸಿ, 50 ಕೂಡಿ, 100ರಿಂದ ಭಾಗಿಸಿದರೆ ಮಿಲಿಮೀಟರಿನ ಹತ್ತನೇ ಒಂದರ ಲೆಕ್ಕ ಸಿಗುತ್ತದೆ. ಹಳೆಯ ಕಂಪೈಲರ್ ಟರ್ಬೊ ಸಿಯಲ್ಲಿ ಇಂಟ್ (ಸಾಮಾನ್ಯ ಪೂರ್ಣಾಂಕ) 16 ಬಿಟ್ ಮಾತ್ರ. ಅಲ್ಲಿ ಇಂಟ್ ಬಳಸಿದರೆ 50 ಕೂಡಿದಾಗ ಈ ಲೆಕ್ಕ 1 ಇಂಚು 29 ಸೆಂಟಿಗೇ 32767 ದಾಟುತ್ತದೆ.

ಅತಿ ಹೆಚ್ಚು ತಪ್ಪಾಗುವುದು ಓದುವಲ್ಲಿ. ಸಾಲಿನಿಂದ ಸಂಖ್ಯೆ ಓದುವ ಫಂಕ್ಷನ್ ಎಸ್‌ಸ್ಕ್ಯಾನ್‌ಎಫ್‌ಗೆ ‘%ಡಿ.%ಡಿ’ (ಪೂರ್ಣಾಂಕ, ಚುಕ್ಕಿ, ಪೂರ್ಣಾಂಕ) ಕೊಟ್ಟರೆ 1.5 ಮತ್ತು 1.05 ಎರಡೂ ‘ಒಂದು, ಐದು’ ಎಂದೇ ಬರುತ್ತವೆ. ಮಾರ್ಚ್‌ನಲ್ಲಿ 5 ಸೆಂಟಿಗೂ 50 ಸೆಂಟಿಗೂ ಇರುವ ಅಂತರ ಸಣ್ಣದಲ್ಲ. ಅದಕ್ಕೇ ಚುಕ್ಕಿಯ ನಂತರದ್ದನ್ನು ಅಕ್ಷರಗಳಾಗಿ ಓದಿ, ಸರಿಯಾಗಿ ಎರಡು ಅಂಕೆ ಇಲ್ಲದಿದ್ದರೆ ಸಾಲಿನ ಸಂಖ್ಯೆ ತೋರಿಸಿ ತಿರಸ್ಕರಿಸುತ್ತೇನೆ; ಊಹಿಸಿ ತುಂಬುವುದಿಲ್ಲ. ಅಕ್ಷರಗಳನ್ನು ಸಂಖ್ಯೆಯಾಗಿಸುವ ಸ್ಟ್ರ್‌ಟೋಲ್‌ಗೆ ಬೇಸ್ 10 ಎಂದೇ ಕೊಡಿ. 0 ಕೊಟ್ಟರೆ ‘08’ ಆಕ್ಟಲ್ (ಎಂಟರ ಬೇಸಿನ ಸಂಖ್ಯೆ) ಆಗಿ, ಸೊನ್ನೆ ಓದಿ ನಿಂತುಬಿಡುತ್ತದೆ.

ತೋಟದ ಭಾಗದ ಹೆಸರು ಕನ್ನಡದಲ್ಲಿದ್ದರೆ ಜಾಗ ಲೆಕ್ಕ ಹಾಕಿ. ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ‘ಪೊನ್ನಂಪೇಟೆ’ಗೆ 30, ಕೊನೆಯ ಸೊನ್ನೆ ಸೇರಿ 31. ನಾನು 64 ಬೈಟ್ ಇಟ್ಟೆ. ಮುದ್ರಿಸುವ ಫಂಕ್ಷನ್ ಪ್ರಿಂಟ್‌ಎಫ್‌ನ ಅಗಲ ಬೈಟಿನ ಲೆಕ್ಕವಾದ್ದರಿಂದ ಕಾಲಂ ವಕ್ರವಾಗುತ್ತದೆ; ಹೆಸರನ್ನು ಸಾಲಿನ ಕೊನೆಗೆ ಹಾಕುವುದೇ ಸುಲಭ.

ದಾಖಲೆಗಳ ಅರೇ (ಸಾಲುಪಟ್ಟಿ) 64 ದಾಖಲೆಗಳಿಂದ ಶುರುವಾಗಿ, ತುಂಬಿದಾಗ ಮೆಮೊರಿ ಹಿಗ್ಗಿಸುವ ರಿಅಲಾಕ್‌ನಿಂದ ಇಮ್ಮಡಿಯಾಗುತ್ತದೆ. ಫಲಿತಾಂಶವನ್ನು ಬೇರೆ ಪಾಯಿಂಟರಿಗೆ ತೆಗೆದುಕೊಳ್ಳಿ: ನಲ್ (ಜಾಗ ಸಿಗಲಿಲ್ಲ ಎಂಬ ಖಾಲಿ ವಿಳಾಸ) ಬಂದರೆ ಹಳೆಯ ವಿಳಾಸ ಉಳಿಯಬೇಕು. ಅರೇ ಜಾಗ ಬದಲಿಸಬಹುದಾದ್ದರಿಂದ ಹೂಮಳೆಯ ದಾಖಲೆಯನ್ನು ಪಾಯಿಂಟರಿನಿಂದಲ್ಲ, ಇಂಡೆಕ್ಸಿನಿಂದ (ಅರೇಯಲ್ಲಿನ ಕ್ರಮಸಂಖ್ಯೆ) ನೆನಪಿಡುತ್ತೇನೆ. ದಿನಾಂಕದ ಪ್ರಕಾರ ಜೋಡಿಸಲು ಕ್ಯೂಸಾರ್ಟ್ ಸಾಕು; ಹೋಲಿಸುವ ಫಂಕ್ಷನ್ನನ್ನು ಅದಕ್ಕೆ ಫಂಕ್ಷನ್ ಪಾಯಿಂಟರಾಗಿ ಕೊಡಬೇಕು.

ಹೂಮಳೆ ಎಂದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ 100 ಸೆಂಟು ಮುಟ್ಟಿದ ಮೊದಲ ದಿನ ಎಂದಿಟ್ಟುಕೊಂಡೆ. ಬ್ಯಾಕಿಂಗ್ ಮಳೆ ಎರಡು–ಮೂರು ವಾರದಲ್ಲಿ ಬರಬೇಕು. ದಿನಗಳ ಅಂತರಕ್ಕೆ ಎಂಕೆಟೈಮ್ (ದಿನಾಂಕವನ್ನು ಒಂದೇ ಸಂಖ್ಯೆಯಾಗಿಸುವ ಫಂಕ್ಷನ್): ತಿಂಗಳಿನಿಂದ 1, ವರ್ಷದಿಂದ 1900 ಕಳೆಯಿರಿ, ಗಂಟೆಯನ್ನು 12ಕ್ಕಿಡಿ, ಡಿಎಸ್‌ಟಿಗೆ (ಬೇಸಿಗೆಯಲ್ಲಿ ಗಡಿಯಾರ ಮುಂದಿಡುವ ಪದ್ಧತಿ) -1. ಪರೀಕ್ಷೆಗೆ ಫೆಬ್ರವರಿ 28ರಿಂದ ಮಾರ್ಚ್ 1 ಕೊಡಿ: 2023ಕ್ಕೆ 1, 2024ಕ್ಕೆ 2 ಬರಬೇಕು.