ಝೆರ್ಮಾಟ್‌ನಲ್ಲಿ ಚಳಿಗಾಲದ ಐಷಾರಾಮಿ ರಜೆ: ಎಲ್ಲಿ ಕೈ ಬಿಚ್ಚಬೇಕು, ಎಲ್ಲಿ ಹಿಡಿಯಬೇಕು

ಸ್ವಿಟ್ಜರ್ಲೆಂಡಿನ ಸ್ಕೀಯಿಂಗ್ (ಹಿಮಜಾರಾಟ) ಊರು ಝೆರ್ಮಾಟ್‌ನಲ್ಲಿ ದುಡ್ಡು ಖರ್ಚು ಮಾಡುವುದಕ್ಕೆ ಯಾರ ಸಲಹೆಯೂ ಬೇಕಿಲ್ಲ. ಖರ್ಚು ಮಾಡಿದ್ದು ದಕ್ಕಬೇಕಾದರೆ ಮಾತ್ರ ಆರೇಳು ತಿಂಗಳ ಮೊದಲೇ ಕೂತು ಲೆಕ್ಕ ಹಾಕಬೇಕು. ಪಂಚತಾರಾ ಹೋಟೆಲಿನಲ್ಲಿ ಇಳಿದರೂ ಮ್ಯಾಟರ್‌ಹಾರ್ನ್ ಶಿಖರ ಕಾಣದ ಕೋಣೆ ಸಿಗಬಹುದು, ಬಿರುಗಾಳಿಗೆ ಕೇಬಲ್ ಕಾರು ನಿಲ್ಲಬಹುದು, ಸಸ್ಯಾಹಾರಿಗಳಿಗೆ ಮೂರನೇ ದಿನವೂ ಅದೇ ಪಾಸ್ತಾ ಬರಬಹುದು. ಇದರಲ್ಲಿ ಬಹುಪಾಲು ತೊಂದರೆಗಳನ್ನು ಮೊದಲೇ ತಪ್ಪಿಸಬಹುದು. ಸರಿಯಾದ ವಾರ, ಸರಿಯಾದ ಜಾಗದ ಕೋಣೆ, ಖಾಸಗಿ ಸ್ಕೀ ತರಬೇತುದಾರ, ಕೈಯಲ್ಲೊಂದು ಬಿಡುವಿನ ದಿನ: ಈ ನಾಲ್ಕಕ್ಕೆ ಧಾರಾಳವಾಗಿ ಖರ್ಚು ಮಾಡಿ. ಉಳಿದದ್ದರಲ್ಲಿ ಉಳಿಸಬಹುದು.

ಯಾವ ವಾರ ಹೋಗಬೇಕು

ಡಿಸೆಂಬರ್ 20ರ ಆಸುಪಾಸಿನಿಂದ ಜನವರಿ ಮೊದಲ ವಾರದವರೆಗೆ ದರ ನೆತ್ತಿಗೇರಿರುತ್ತದೆ. ಒಳ್ಳೆಯ ಹೋಟೆಲಿನಲ್ಲಿ ಒಂದು ರಾತ್ರಿಗೆ ಸಾವಿರ ಸ್ವಿಸ್ ಫ್ರಾಂಕ್ ದಾಟಿದರೆ ಅಚ್ಚರಿಯಿಲ್ಲ. ಎಷ್ಟೋ ಕಡೆ ಏಳು ರಾತ್ರಿಗಿಂತ ಕಡಿಮೆಗೆ ಕೋಣೆಯನ್ನೇ ಕೊಡುವುದಿಲ್ಲ. ಕ್ರಿಸ್‌ಮಸ್ ವಾರವೇ ಬೇಕೆಂದರೆ ಅದೇ ವರ್ಷದ ಫೆಬ್ರವರಿ–ಮಾರ್ಚ್‌ನಲ್ಲೇ ಕಾದಿರಿಸಿ. ಫೆಬ್ರವರಿಯಲ್ಲಿ ಯುರೋಪಿನ ಶಾಲೆಗಳಿಗೆ ರಜೆ, ಹಾಗಾಗಿ ಆಗಲೂ ಜನಜಂಗುಳಿ.

ನಮ್ಮ ಆಯ್ಕೆ ಜನವರಿ 10ರಿಂದ ತಿಂಗಳ ಕೊನೆಯವರೆಗೆ, ಇಲ್ಲವೇ ಮಾರ್ಚ್‌ನ ಮೊದಲೆರಡು ವಾರ. ಜನವರಿಯಲ್ಲಿ ಹಿಮ ಹದವಾಗಿರುತ್ತದೆ, ದರ ಇಳಿದಿರುತ್ತದೆ. ಆದರೆ ಚಳಿ ಕಚ್ಚುತ್ತದೆ, ಸಂಜೆ ಐದಕ್ಕೆಲ್ಲ ಕತ್ತಲು. ಮಾರ್ಚ್‌ನಲ್ಲಿ ಹಗಲು ಉದ್ದ, ಬಿಸಿಲಿನಲ್ಲಿ ಹೊರಗೆ ಕೂತು ಊಟ ಮಾಡಬಹುದು. ವಯಸ್ಸಾದವರು ಜೊತೆಗಿದ್ದರೆ ಮಾರ್ಚೇ ಸರಿ. ಮಕ್ಕಳ ಪರೀಕ್ಷೆಗಳೂ ಆಗಲೇ ಬರುತ್ತವೆ ಎನ್ನುವುದು ನಮ್ಮ ಕಡೆಯವರ ಕಷ್ಟ.

ಕೋಣೆ

ಝೆರ್ಮಾಟ್‌ಗೆ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಪ್ರವೇಶವಿಲ್ಲ. ಬಾಡಿಗೆ ಕಾರಿನಲ್ಲಿ ಬಂದವರು ಕೆಳಗಿನ ಟೇಶ್ ಹಳ್ಳಿಯಲ್ಲೇ ನಿಲ್ಲಿಸಿ 12 ನಿಮಿಷದ ರೈಲು ಹಿಡಿಯಬೇಕು. ಊರೊಳಗೆ ಓಡಾಡುವುದು ಪುಟ್ಟ ವಿದ್ಯುತ್ ಟ್ಯಾಕ್ಸಿಗಳು. ರೈಲಿನ ಸಮಯ ಮೊದಲೇ ತಿಳಿಸಿದರೆ ದೊಡ್ಡ ಹೋಟೆಲಿನವರು ನಿಲ್ದಾಣಕ್ಕೇ ಗಾಡಿ ಕಳಿಸುತ್ತಾರೆ.

ಆದ್ದರಿಂದ ಕೋಣೆಯ ಅಂದಕ್ಕಿಂತ ಅದು ಇರುವ ಜಾಗ ಮುಖ್ಯ. ಸ್ಕೀ ಬೂಟು ಹಾಕಿಕೊಂಡು, ಹೆಗಲ ಮೇಲೆ ಸ್ಕೀ ಹೊತ್ತು ಮಂಜುಗಡ್ಡೆ ಕಟ್ಟಿದ ಬೀದಿಯಲ್ಲಿ ಕಾಲು ಗಂಟೆ ನಡೆದರೆ ಬೆಳಗಿನ ಉತ್ಸಾಹವೆಲ್ಲ ಅಲ್ಲೇ ಇಳಿದುಹೋಗುತ್ತದೆ. ಸ್ಕೀ ಇಳಿಜಾರುಗಳಿಗೆ ಒಯ್ಯುವ ಗೋರ್ನರ್‌ಗ್ರಾಟ್ ರೈಲು ನಿಲ್ದಾಣ ಅಥವಾ ಸುನ್ನೆಗ್ಗಾ ಸುರಂಗ ರೈಲಿನಿಂದ ಐದು ನಿಮಿಷದ ದೂರದಲ್ಲಿರುವ ಹೋಟೆಲ್ ಹುಡುಕಿ. 1879ರಿಂದ ನಡೆಯುತ್ತಿರುವ ಝೆರ್ಮಾಟರ್‌ಹೋಫ್‌ನಂಥ ಹಳೆಯ ಹೋಟೆಲುಗಳು ಊರ ನಡುವೆ ಇವೆ. 2,222 ಮೀಟರ್ ಎತ್ತರದ ರಿಫೆಲಾಲ್ಪ್ ರೆಸಾರ್ಟ್ ನೋಡಲು ಬಲು ಚೆಂದ, ಬಾಗಿಲು ತೆರೆದರೆ ಸ್ಕೀ ದಾರಿ. ಅಲ್ಲಿಗೆ ಹೋಗುವುದು ಮಾತ್ರ ಗೋರ್ನರ್‌ಗ್ರಾಟ್ ರೈಲಿನಲ್ಲೇ, ರಾತ್ರಿ ಊರಿಗಿಳಿದು ಊಟ ಮಾಡುವ ಆಸೆಯಿದ್ದರೆ ರೈಲಿನ ಸಮಯಕ್ಕೆ ಕಟ್ಟುಬೀಳಬೇಕು. ಹತ್ತು–ಹನ್ನೆರಡು ಜನರ ಕುಟುಂಬಕ್ಕೆ ಅಡುಗೆಯವರ ಸಮೇತ ಇಡೀ ಮರದ ಮನೆಯನ್ನೇ (ಶ್ಯಾಲೆ) ಬಾಡಿಗೆಗೆ ಪಡೆಯುವುದು ಒಮ್ಮೊಮ್ಮೆ ಆರು ಕೋಣೆಗಳಿಗಿಂತ ಲಾಭದಾಯಕ.

ಕಾದಿರಿಸುವ ಮುನ್ನ ಇಮೇಲ್‌ನಲ್ಲಿ ಮೂರು ಪ್ರಶ್ನೆ ಕೇಳಿ. ಮ್ಯಾಟರ್‌ಹಾರ್ನ್ ಹಾಸಿಗೆಯಿಂದ ಕಾಣುತ್ತದೋ, ಬಾಲ್ಕನಿಯ ಮೂಲೆಯಿಂದ ಬಗ್ಗಿ ನೋಡಬೇಕೋ? ರಾತ್ರಿಯೂಟ ದರದಲ್ಲಿ ಸೇರಿದೆಯೋ? ವೀಸಾ ಸಿಗದಿದ್ದರೆ ಹಣ ವಾಪಸು ಬರುತ್ತದೋ? ಶಿಖರ ಊರಿನ ನೈರುತ್ಯಕ್ಕಿದೆ, ಉತ್ತರಕ್ಕೆ ಮುಖ ಮಾಡಿದ ಕೋಣೆಗೆ ಎಷ್ಟು ತೆತ್ತರೂ ಅದು ಕಾಣದು.

ವೀಸಾ, ವಿಮೆ, ತೆರಿಗೆ

ಸ್ವಿಟ್ಜರ್ಲೆಂಡ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮೊದಲು. ಗಡುವನ್ನು ನಂಬಿ ಕೂರಬೇಡಿ, ಚಳಿಗಾಲದ ಪ್ರಯಾಣಕ್ಕೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲೇ ವೀಸಾ ಅರ್ಜಿ ತೆಗೆದುಕೊಳ್ಳುವ ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲಿ ದಿನ ಗೊತ್ತುಮಾಡಿಕೊಳ್ಳಿ. 2024ರ ಜೂನ್‌ನಿಂದ ವಯಸ್ಕರ ವೀಸಾ ಶುಲ್ಕ 90 ಯೂರೊ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸಾಗುವ ದಿನದಿಂದ ಮೂರು ತಿಂಗಳಾದರೂ ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿಯಿರಬೇಕು.

ವೀಸಾಕ್ಕೆ ಬೇಕಾದ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದು. ಆ ಪಾಲಿಸಿಗಳಲ್ಲಿ ಹೆಚ್ಚಿನವು ಸ್ಕೀಯಿಂಗ್ ಗಾಯವನ್ನು ಒಳಗೊಳ್ಳುವುದಿಲ್ಲ, ಮೋಸ ಹೋಗುವುದು ಇಲ್ಲೇ. ಚಳಿಗಾಲದ ಕ್ರೀಡೆ ಮತ್ತು ಹೆಲಿಕಾಪ್ಟರ್ ರಕ್ಷಣೆ ಎರಡೂ ಇರುವ ಹೆಚ್ಚುವರಿ ರಕ್ಷೆ ಕೊಳ್ಳಿ. ಬೆಟ್ಟದ ಮೇಲೆ ಕಾಲು ಮುರಿದರೆ ಕರೆದೊಯ್ಯಲು ಬರುವುದು ಏರ್ ಝೆರ್ಮಾಟ್‌ನಂಥ ಸಂಸ್ಥೆಯ ಹೆಲಿಕಾಪ್ಟರ್, ಬಿಲ್ಲು ನಿಮ್ಮ ಹೆಸರಿಗೇ. ಗುರುತು ಮಾಡಿದ ದಾರಿ ಬಿಟ್ಟು ಜಾರಿದರೆ ವಿಮೆ ಸಲ್ಲುತ್ತದೆಯೇ ಎಂಬ ಸಾಲನ್ನು ಹುಡುಕಿ ಓದಿ.

ಭಾರತದ ಏಜೆನ್ಸಿಯಿಂದ ಪ್ಯಾಕೇಜ್ ಕೊಂಡರೆ ಟಿಸಿಎಸ್ (ಮೂಲದಲ್ಲೇ ವಸೂಲು ಮಾಡುವ ತೆರಿಗೆ) ಮುರಿದುಕೊಳ್ಳುತ್ತಾರೆ. ದರ ಬಜೆಟ್ಟಿನಲ್ಲಿ ಬದಲಾಗುವುದುಂಟು, ಆಯಾ ವರ್ಷದ್ದನ್ನು ಕೇಳಿ ತಿಳಿಯಿರಿ. ಆ ಮೊತ್ತ ಕಳೆದುಹೋಗುವುದಿಲ್ಲ, ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು.

ದಾರಿ, ಮತ್ತು ಬಿಡುವಿನ ರಾತ್ರಿ

ಬೆಂಗಳೂರಿನಿಂದ ಜ್ಯೂರಿಚ್‌ಗೆ ನೇರ ವಿಮಾನವಿಲ್ಲ. ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್‌ನಲ್ಲಿ ಬದಲಾಯಿಸಿದರೆ ಷೆಂಗೆನ್ ಪ್ರವೇಶದ ತಪಾಸಣೆ ಅಲ್ಲೇ ಆಗುತ್ತದೆ. 2025ರ ಅಕ್ಟೋಬರ್‌ನಿಂದ ಬೆರಳಚ್ಚು, ಮುಖಚಿತ್ರ ದಾಖಲಿಸುವ ಹೊಸ ವ್ಯವಸ್ಥೆ ಶುರುವಾಗಿರುವುದರಿಂದ ನಡುವೆ ಎರಡೂವರೆ ಗಂಟೆಯಾದರೂ ಇಟ್ಟುಕೊಳ್ಳಿ. ಜ್ಯೂರಿಚ್ ವಿಮಾನ ನಿಲ್ದಾಣದ ಕೆಳಗೇ ರೈಲು. ವಿಸ್ಪ್‌ನಲ್ಲಿ ಒಮ್ಮೆ ಬದಲಾಯಿಸಿ ಮೂರೂವರೆ ಗಂಟೆಯಲ್ಲಿ ಝೆರ್ಮಾಟ್.

ವಾಪಸು ಹೊರಡುವಾಗ ಮಾತ್ರ ಬೆಳಿಗ್ಗೆ ಝೆರ್ಮಾಟ್ ಬಿಟ್ಟು ಅದೇ ದಿನ ವಿಮಾನ ಹತ್ತುವ ಲೆಕ್ಕ ಬೇಡ. ಊರಿಗೆ ಇರುವುದು ಒಂದೇ ಕಣಿವೆ. ಹಿಮಪಾತದ ಅಪಾಯವಿದ್ದರೆ ರೈಲು, ರಸ್ತೆ ಎರಡೂ ಮುಚ್ಚುತ್ತವೆ. 2018ರ ಜನವರಿಯಲ್ಲಿ ಸುಮಾರು 13,000 ಪ್ರವಾಸಿಗಳು ಹೀಗೆ ಊರಲ್ಲೇ ಸಿಕ್ಕಿಕೊಂಡಿದ್ದರು. 2025ರ ಏಪ್ರಿಲ್‌ನಲ್ಲೂ ಸಂಪರ್ಕ ಕಡಿದಿತ್ತು. ಕೊನೆಯ ರಾತ್ರಿಯನ್ನು ಜ್ಯೂರಿಚ್‌ನಲ್ಲಿ ಕಳೆಯಿರಿ.

ಝೆರ್ಮಾಟ್–ಸೇಂಟ್ ಮೊರಿಟ್ಜ್ ನಡುವೆ ಓಡುವ ಪ್ರವಾಸಿ ರೈಲು ಗ್ಲೇಸಿಯರ್ ಎಕ್ಸ್‌ಪ್ರೆಸ್‌ನ ಎಕ್ಸಲೆನ್ಸ್ ದರ್ಜೆ ಬೇಕೆನ್ನುವವರಿಗೆ ಒಂದು ಕಿವಿಮಾತು. 2019ರಲ್ಲಿ ಶುರುವಾದ ಈ ಬೋಗಿಯಲ್ಲಿ 20 ಸೀಟು ಮಾತ್ರ, ಎಲ್ಲವೂ ಕಿಟಕಿ ಪಕ್ಕದವು. ಮೊದಲ ದರ್ಜೆಯ ಟಿಕೆಟ್ ಮೇಲೆ ಇನ್ನೂ 400 ಫ್ರಾಂಕ್‌ಗೂ ಹೆಚ್ಚು ತೆರಬೇಕು. ಅಕ್ಟೋಬರ್ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗೆ ರೈಲೇ ಇಲ್ಲ. ಪ್ರಯಾಣ ಸುಮಾರು ಎಂಟು ಗಂಟೆ. ಝೆರ್ಮಾಟ್‌ನಿಂದ ಹೊರಟರೆ ನಡುಚಳಿಗಾಲದಲ್ಲಿ ಆಲ್ಬುಲಾ ಘಟ್ಟ, 65 ಮೀಟರ್ ಎತ್ತರದ ಲಾಂಡ್‌ವಾಸರ್ ಸೇತುವೆ ಎಲ್ಲ ಹೊತ್ತಿಳಿಯುವಾಗ ಬರುತ್ತವೆ. ಸೇಂಟ್ ಮೊರಿಟ್ಜ್‌ನಿಂದ ಹತ್ತಿದರೆ ಅವು ಬೆಳಗಿನ ಬೆಳಕಿಗೆ ಸಿಗುತ್ತವೆ. ಮೊದಲೆರಡು ರಾತ್ರಿ ಸೇಂಟ್ ಮೊರಿಟ್ಜ್, ಅಲ್ಲಿಂದ ಈ ರೈಲಿನಲ್ಲಿ ಝೆರ್ಮಾಟ್. ದೇಹಕ್ಕೂ ಎತ್ತರ ಅಷ್ಟರೊಳಗೆ ಒಗ್ಗಿರುತ್ತದೆ.

ಮೊದಲ ಸಲ ಸ್ಕೀ ಕಟ್ಟುವವರಿಗೆ

ಖಾಸಗಿ ತರಬೇತುದಾರರಿಗೆ ಕೊಡುವ ಹಣ ಇಡೀ ಪ್ರವಾಸದಲ್ಲಿ ಅತ್ಯಂತ ಸಾರ್ಥಕ ಖರ್ಚು. ಗುಂಪಿನ ತರಗತಿಯಲ್ಲಿ ಸರದಿ ಕಾಯುತ್ತಾ ನಿಂತು ಮೈ ತಣ್ಣಗಾಗುತ್ತದೆ. ಮೂರು ದಿನ, ದಿನಕ್ಕೆ ಎರಡು–ಮೂರು ಗಂಟೆ ಸಾಕು, ಮೊದಲ ದಿನ ಇಡೀ ದಿನ ಹೇಳಿಬಿಟ್ಟರೆ ಮಧ್ಯಾಹ್ನಕ್ಕೆ ತೊಡೆಗಳು ಕೈಕೊಡುತ್ತವೆ. ಸುನ್ನೆಗ್ಗಾದ ಲೈಸೀ ಕೆರೆಯ ಬಳಿಯ ಇಳಿಜಾರು ಕಲಿಯುವವರಿಗೆಂದೇ ಇರುವುದು.

ಬೂಟಿನ ವಿಷಯದಲ್ಲಿ ಅವಸರ ಬೇಡ. ಸ್ಕೀ ಬಾಡಿಗೆ ಅಂಗಡಿಗೆ ಹಿಂದಿನ ಸಂಜೆಯೇ ಹೋಗಿ. ಒಂದೇ ಜೊತೆ ತೆಳ್ಳನೆಯ, ಮೊಣಕಾಲವರೆಗಿನ ಕಾಲುಚೀಲ ಹಾಕಿ. ಚಳಿಯೆಂದು ಎರಡು ಜೊತೆ ಹಾಕಿದರೆ ರಕ್ತ ಓಡಾಡದೆ ಬೆರಳು ಇನ್ನಷ್ಟು ಹೆಪ್ಪುಗಟ್ಟುತ್ತವೆ. ಥರ್ಮಲ್ ಪ್ಯಾಂಟಿನ ತುದಿ ಬೂಟಿನೊಳಗೆ ಮಡಚಿಕೊಳ್ಳಬಾರದು, ಆ ಒಂದು ಮಡಿಕೆಯೇ ಸಂಜೆಗೆ ಬೊಕ್ಕೆಯಾಗುತ್ತದೆ. ಬಕಲ್ ಬಿಗಿದು ನೇರ ನಿಂತಾಗ ಬೆರಳತುದಿ ಬೂಟಿನ ಮುಂಭಾಗಕ್ಕೆ ಸ್ವಲ್ಪ ತಗುಲಬೇಕು, ಮೊಣಕಾಲು ಮುಂದಕ್ಕೆ ಬಾಗಿಸಿದಾಗ ಬಿಡಬೇಕು. ಸಡಿಲವಾಗಿ ಹಿತವೆನಿಸುವ ಬೂಟು ಹಿಮದ ಮೇಲೆ ಹತೋಟಿ ಕೊಡುವುದಿಲ್ಲ.

ಅಂಗಡಿಯವರು ನಿಮ್ಮ ತೂಕ, ಎತ್ತರ, ವಯಸ್ಸು ಕೇಳುತ್ತಾರೆ. ನಾಚಿಕೊಂಡು ಐದು ಕಿಲೋ ಇಳಿಸಿ ಹೇಳಬೇಡಿ. ಬಿದ್ದಾಗ ಬೂಟು ಸ್ಕೀಯಿಂದ ಕಳಚಿಕೊಳ್ಳುವ ಬಿಗಿಯನ್ನು ಆ ಲೆಕ್ಕದ ಮೇಲೇ ಹೊಂದಿಸುತ್ತಾರೆ. ಲೆಕ್ಕ ತಪ್ಪಿದರೆ ಕಳಚಬಾರದಾಗ ಕಳಚುತ್ತದೆ, ಕಳಚಬೇಕಾದಾಗ ಕಳಚುವುದಿಲ್ಲ, ಪೆಟ್ಟು ತಿನ್ನುವುದು ಮೊಣಕಾಲು.

ಸ್ಕೀ ಬೇಡದವರಿಗೆ ಗೋರ್ನರ್‌ಗ್ರಾಟ್ ರೈಲೇ ಸಾಕು. 1898ರಿಂದ ಓಡುತ್ತಿರುವ ಈ ಹಲ್ಲುಗಾಲಿ ರೈಲು 3,089 ಮೀಟರ್‌ಗೆ ಏರುತ್ತದೆ. ಹತ್ತುವಾಗ ಬಲಗಡೆ ಕೂರಿ, ಮ್ಯಾಟರ್‌ಹಾರ್ನ್ ಆ ಬದಿಗೇ ಕಾಣುವುದು.

ಮೂರನೇ ದಿನಕ್ಕೆ ಮೊದಲು 3,883 ಮೀಟರ್‌ನ ಮ್ಯಾಟರ್‌ಹಾರ್ನ್ ಗ್ಲೇಸಿಯರ್ ಪ್ಯಾರಡೈಸ್‌ಗೆ ಹೋಗಬೇಡಿ. ಊರಿರುವುದು 1,600 ಮೀಟರ್ ಸುಮಾರಿನಲ್ಲಿ, ಕೇಬಲ್ ಕಾರು ಒಂದು ಗಂಟೆಯೊಳಗೆ ಅಷ್ಟೆತ್ತರಕ್ಕೆ ಒಯ್ದುಬಿಡುತ್ತದೆ. ತಲೆನೋವು, ಏದುಸಿರು ಬಂದರೆ ತಕ್ಷಣ ಇಳಿಯಿರಿ. ಹೃದಯದ ತೊಂದರೆಯಿರುವವರು ಹೊರಡುವ ಮುನ್ನವೇ ವೈದ್ಯರನ್ನು ಕೇಳಿರಬೇಕು. ಗಾಳಿ ಜೋರಾದರೆ ಮೊದಲು ನಿಲ್ಲುವುದೂ ಈ ಮೇಲಿನ ಕೇಬಲ್ ಕಾರೇ, ಆದ್ದರಿಂದ ಟಿಕೆಟ್ಟನ್ನು ಅಂದೇ ಬೆಳಿಗ್ಗೆ ಪರಿಸ್ಥಿತಿ ನೋಡಿ ಕೊಳ್ಳಿ. ಅಲ್ಲಿಂದ ಇಟಲಿಯ ಚೆರ್ವೀನಿಯಾಗೆ ದಾಟುವವರು ಪಾಸ್‌ಪೋರ್ಟ್ ಇಟ್ಟುಕೊಂಡು, ಕೊನೆಯ ಲಿಫ್ಟಿಗಿಂತ ಒಂದು ಗಂಟೆ ಮೊದಲೇ ಹಿಂತಿರುಗಬೇಕು. ತಪ್ಪಿಹೋದರೆ ಬೆಟ್ಟ ಸುತ್ತಿ ಟ್ಯಾಕ್ಸಿಯಲ್ಲಿ ಬರಲು ಗಂಟೆಗಟ್ಟಲೆ ಬೇಕು.

ಊಟ

ಬರೀ ಸಸ್ಯಾಹಾರಿ ಎಂದರೆ ಸಾಲದು. ಸೂಪಿನ ತಳದಲ್ಲಿ ಮಾಂಸದ ರಸವಿರುತ್ತದೆ, ಆಲೂಗಡ್ಡೆಯ ರೋಸ್ಟಿಯಲ್ಲಿ ಹಂದಿಮಾಂಸದ ಚೂರುಗಳಿರಬಹುದು, ಫಾಂಡ್ಯೂನಲ್ಲಿ (ಕರಗಿಸಿದ ಚೀಸ್ ಖಾದ್ಯ) ವೈನ್ ಮತ್ತು ಕಿರ್ಷ್ ಮದ್ಯ ಸೇರಿರುತ್ತದೆ, ಗ್ರುಯೇರ್ ಚೀಸ್‌ಗೆ ಹೆಪ್ಪು ಹಾಕುವುದು ಕರುವಿನ ಹೊಟ್ಟೆಯ ರೆನೆಟ್‌ನಿಂದ. ಯಾವುದು ನಡೆಯುತ್ತದೆ, ಯಾವುದು ನಡೆಯದು ಎಂಬ ಪಟ್ಟಿಯನ್ನು ಎರಡು ವಾರ ಮೊದಲೇ ಹೋಟೆಲಿಗೆ ಕಳಿಸಿ. ಮೊಟ್ಟೆ, ಬೆಳ್ಳುಳ್ಳಿ, ಈರುಳ್ಳಿಯನ್ನೂ ಬಿಡಿಬಿಡಿಯಾಗಿ ಬರೆಯಿರಿ. ಒಳ್ಳೆಯ ಬಾಣಸಿಗರಿಗೆ ಮುನ್ಸೂಚನೆ ಇದ್ದರೆ ಸಾಕು, ಅಲ್ಲೇ ಕೇಳಿದರೆ ಪಾಸ್ತಾ ಗತಿ. ಅಡುಗೆಮನೆ ರಾತ್ರಿ ಒಂಬತ್ತು–ಒಂಬತ್ತೂವರೆಗೆ ಮುಚ್ಚುತ್ತದೆ. ಫಿಂಡೆಲ್ನ್ ಹಳ್ಳಿಯ ಶೇ ವ್ರೋನಿಯಂಥ ಬೆಟ್ಟದ ಮೇಲಿನ ಊಟದ ಮನೆಗಳಿಗೆ ವಾರಗಳ ಮೊದಲೇ ಮೇಜು ಹೇಳಿಡಿ. ಚಟ್ನಿಪುಡಿ, ಉಪ್ಪಿನಕಾಯಿ ಡಬ್ಬಿ ನಿಮ್ಮ ಇಷ್ಟ.

ಬಟ್ಟೆ

ಜೀನ್ಸ್ ಬೇಡವೇ ಬೇಡ, ಹತ್ತಿಬಟ್ಟೆ ಒದ್ದೆಯಾದರೆ ಒಣಗುವುದಿಲ್ಲ. ಒಳಗೆ ಮೆರಿನೊ ಉಣ್ಣೆಯ ಥರ್ಮಲ್, ನಡುವೆ ಫ್ಲೀಸ್, ಹೊರಗೆ ನೀರು ತಡೆಯುವ ಜಾಕೆಟ್. ಜಾಕೆಟ್ಟು, ಪ್ಯಾಂಟು ಅಲ್ಲೇ ಬಾಡಿಗೆಗೆ ಸಿಗುತ್ತವೆ, ಒಂದು ವಾರಕ್ಕೆಂದು ದುಬಾರಿ ಬ್ರ್ಯಾಂಡ್ ಕೊಳ್ಳಬೇಕಿಲ್ಲ. ಥರ್ಮಲ್, ಕೈಗವಸುಗಳನ್ನು ಇಲ್ಲಿಂದಲೇ ಒಯ್ಯಿರಿ. ಎಸ್‌ಪಿಎಫ್ 50 ಸನ್‌ಸ್ಕ್ರೀನ್ ಮರೆಯಬೇಡಿ, ಹಿಮದಿಂದ ಪುಟಿಯುವ ಬಿಸಿಲು ಗದ್ದದ ಕೆಳಗನ್ನೂ ಸುಡುತ್ತದೆ. ತುಟಿಗೆ ವ್ಯಾಸಲೀನ್ ಒಯ್ಯಿರಿ, ಕೊಬ್ಬರಿ ಎಣ್ಣೆ ಅಲ್ಲಿ ಕಲ್ಲಾಗಿ ಕೂರುತ್ತದೆ.

ಗಡಿಯಾರ, ಆಭರಣ ಕೊಳ್ಳುವವರು ಒಂದೇ ಅಂಗಡಿಯಲ್ಲಿ 300 ಫ್ರಾಂಕ್ ದಾಟಿದರೆ ತೆರಿಗೆ ವಾಪಸಾತಿ ಚೀಟಿ ಕೇಳಿ ಪಡೆಯಿರಿ, ಅಲ್ಲಿನ ವ್ಯಾಟ್ 8.1%. ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದಲ್ಲಿ ಇಲ್ಲವಾದ್ದರಿಂದ ಚೀಟಿಗೆ ಸುಂಕದವರ ಮೊಹರು ಜ್ಯೂರಿಚ್‌ನಲ್ಲೇ ಬೀಳಬೇಕು, ಫ್ರಾಂಕ್‌ಫರ್ಟ್‌ನಲ್ಲಿ ಆಗದು. ಸಾಮಾನನ್ನು ತೋರಿಸಿ ಎನ್ನಬಹುದು, ಅದನ್ನು ಚೆಕ್‌ಇನ್ ಬ್ಯಾಗಿಗೆ ಹಾಕುವುದು ಮೊಹರು ಬಿದ್ದ ಮೇಲೆ.