ಫಿನ್‌ಲ್ಯಾಂಡಿಗೆ ಹೊಸದಾಗಿ ಬಂದಿದ್ದೀರಾ? ಇಲ್ಲಿಯ ರಾಜಕೀಯದ ಕಡೆ ಸ್ವಲ್ಪ ಗಮನ ಇರಲಿ

ಹೊಸದಾಗಿ ಬಂದ ಕನ್ನಡಿಗರು ಮನೆ ಬಾಡಿಗೆ, ಡೇಕೇರ್, ತೆರಿಗೆ ಕಾರ್ಡ್ ಬಗ್ಗೆ ಹತ್ತು ಪ್ರಶ್ನೆ ಕೇಳುತ್ತಾರೆ. ಇಲ್ಲಿ ಪ್ರಧಾನಿ ಯಾರು ಅಂತ ಮಾತ್ರ ಯಾರೂ ಕೇಳುವುದಿಲ್ಲ. ನಮಗೆ ಮತ ಇಲ್ಲವಲ್ಲ, ನಮಗ್ಯಾಕೆ ಅಂತ ಬಿಟ್ಟುಬಿಡುತ್ತಾರೆ. ಹಾಗೆ ಬಿಡಬೇಡಿ. ನಿಮ್ಮ ಪರ್ಮಿಟ್ಟಿನ ಭವಿಷ್ಯ ಇಲ್ಲಿಯ ಸಂಸತ್ತಿನಲ್ಲೇ ತೀರ್ಮಾನ ಆಗುತ್ತದೆ.

2023ರ ಏಪ್ರಿಲ್ ಚುನಾವಣೆಯನ್ನೇ ತೆಗೆದುಕೊಳ್ಳಿ. ಸಂಸತ್ತಿನಲ್ಲಿ ಇರುವುದು 200 ಸ್ಥಾನ. ಬಲಪಂಥದ ಕೊಕೊಮುಸ್ ಪಕ್ಷಕ್ಕೆ 48, ವಲಸೆ ಕಡಿಮೆ ಮಾಡಬೇಕು ಎನ್ನುವ ಫಿನ್ಸ್ ಪಕ್ಷಕ್ಕೆ 46, ಆಗಿನ ಪ್ರಧಾನಿ ಸನ್ನಾ ಮರಿನ್ ಅವರ ಸೋಷಿಯಲ್ ಡೆಮಾಕ್ರಾಟರಿಗೆ 43. ಇಲ್ಲಿ ಒಂದೇ ಪಕ್ಷಕ್ಕೆ ಬಹುಮತ ಬರುವುದೇ ಇಲ್ಲ, ಯಾವಾಗಲೂ ಮೈತ್ರಿ ಸರ್ಕಾರ. ಸರ್ಕಾರ ಸೇರಲು ಹೊರಟ ಪಕ್ಷಗಳು ಸಾಮಾನ್ಯವಾಗಿ ಹೆಲ್ಸಿಂಕಿಯ ಸ್ಯಾತ್ಯುತಾಲೊ ಕಟ್ಟಡದಲ್ಲಿ ವಾರಗಟ್ಟಲೆ ಕೂತು ಚೌಕಾಶಿ ಮಾಡಿ, ಮುಂದಿನ ನಾಲ್ಕು ವರ್ಷ ಏನೇನು ಮಾಡುತ್ತೇವೆ ಅಂತ ಬರೆದಿಡುತ್ತವೆ. ಅದೇ ಸರ್ಕಾರದ ಕಾರ್ಯಕ್ರಮ. ಆ ಜೂನ್‌ನಲ್ಲಿ ಪೆತ್ತೆರಿ ಓರ್ಪೊ ನಾಲ್ಕು ಪಕ್ಷಗಳ ಸರ್ಕಾರದ ಪ್ರಧಾನಿಯಾದರು. ಪೌರತ್ವ ಬಿಗಿ ಮಾಡುತ್ತೇವೆ, ಕೆಲಸ ಹೋದವರಿಗೆ ಗಡುವು ಇಡುತ್ತೇವೆ ಅಂತ ಅವರ ಕಾರ್ಯಕ್ರಮದಲ್ಲಿ ಅವತ್ತೇ ಇತ್ತು. ಓದಿದವರು ತಯಾರಾದರು.

ಹೇಳಿದ್ದನ್ನು ಮಾಡಿಯೂ ತೋರಿಸಿದರು. 2024ರ ಅಕ್ಟೋಬರ್ 1ರಿಂದ ಪೌರತ್ವಕ್ಕೆ ಐದು ವರ್ಷದ ಬದಲು ಎಂಟು ವರ್ಷ ವಾಸ ಬೇಕಾಯಿತು. 2025ರ ಜೂನ್‌ನಿಂದ ಕೆಲಸದ ಪರ್ಮಿಟ್ಟಿನಲ್ಲಿ ಇರುವವರು ಕೆಲಸ ಕಳೆದುಕೊಂಡರೆ ಮೂರು ತಿಂಗಳಲ್ಲಿ ಬೇರೆ ಕೆಲಸ ಹುಡುಕಬೇಕು, ತಜ್ಞರ ಪರ್ಮಿಟ್ ಇದ್ದವರಿಗೂ ಎರಡು ವರ್ಷಕ್ಕಿಂತ ಜಾಸ್ತಿ ಕಾಲ ಕೆಲಸದ ಪರ್ಮಿಟ್ಟಿನಲ್ಲಿ ಇದ್ದವರಿಗೂ ಆರು ತಿಂಗಳು. ಲೇಆಫ್ ಪತ್ರ ಕೈಗೆ ಬಂದ ಮೇಲೆ ಈ ನಿಯಮ ಓದಲು ಕೂತವರನ್ನು ನೋಡಿದ್ದೇನೆ. ತುಂಬಾ ಸಂಕಟ ಆಗುತ್ತದೆ. ಮುಂದಿನ ಸಂಸತ್ ಚುನಾವಣೆ 2027ರ ಏಪ್ರಿಲ್‌ನಲ್ಲಿ. ಅದಾದ ಮೇಲೆ ಬರುವ ಕಾರ್ಯಕ್ರಮದಲ್ಲಿ ವಲಸೆಯ ಭಾಗವನ್ನಾದರೂ ತಪ್ಪದೆ ಓದಿ.

ಇನ್ನು ಅಧ್ಯಕ್ಷರು. ದಿನನಿತ್ಯದ ಆಡಳಿತ ಪ್ರಧಾನಿಯದು. ಅಧ್ಯಕ್ಷರು ಸರ್ಕಾರದ ಜೊತೆ ಸೇರಿ ವಿದೇಶಾಂಗ ನೀತಿ ನಡೆಸುತ್ತಾರೆ, ಸೇನೆಯ ಮುಖ್ಯಸ್ಥರೂ ಅವರೇ. ಮೊದಲು ಅಧ್ಯಕ್ಷರ ಕೈಯಲ್ಲಿ ಇನ್ನೂ ಜಾಸ್ತಿ ಅಧಿಕಾರ ಇತ್ತು, 2000ದ ಸಂವಿಧಾನದಲ್ಲಿ ಕಡಿಮೆ ಮಾಡಿದರು. ಆಫೀಸಿನಲ್ಲಿ ಐವತ್ತು ದಾಟಿದವರು ಕೆಕ್ಕೊನೆನ್ ಹೆಸರು ಎತ್ತಿದರೆ ಕಿವಿಗೊಟ್ಟು ಕೇಳಿ. ಉರ್ಹೊ ಕೆಕ್ಕೊನೆನ್ 1956ರಿಂದ 1982ರವರೆಗೆ ಅಧ್ಯಕ್ಷರಾಗಿದ್ದರು. ಸೋವಿಯತ್ ಒಕ್ಕೂಟವನ್ನು ಪಕ್ಕದಲ್ಲಿಟ್ಟುಕೊಂಡು, ಅದನ್ನು ಕೆರಳಿಸದೆ ದೇಶ ನಡೆಸಿದರು. ಅದಕ್ಕೆ ಎಷ್ಟು ಬೆಲೆ ತೆತ್ತೆವು ಅನ್ನುವ ಚರ್ಚೆ ಇವತ್ತಿಗೂ ಮುಗಿದಿಲ್ಲ. ಈಗ ಒಬ್ಬರಿಗೆ ಸತತವಾಗಿ ಆರು ವರ್ಷದ ಎರಡು ಅವಧಿ ಮಾತ್ರ. ಜನ ನೇರವಾಗಿ ಆರಿಸಿದ ಮೊದಲ ಅಧ್ಯಕ್ಷ ಮಾರ್ತಿ ಅಹ್ತಿಸಾರಿ, 2008ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು. ಆಮೇಲೆ ತಾರ್ಯಾ ಹಾಲೊನೆನ್, ಮೊದಲ ಮಹಿಳಾ ಅಧ್ಯಕ್ಷೆ. ಆಮೇಲೆ ಸೌಲಿ ನೀನಿಸ್ತೊ, 2024ರ ಮಾರ್ಚ್‌ನಿಂದ ಅಲೆಕ್ಸಾಂಡರ್ ಸ್ಟುಬ್.

ಇಲ್ಲಿಯ ಜನ ದುಡ್ಡಿನ ವಿಷಯದಲ್ಲಿ ಯಾಕಿಷ್ಟು ಹಿಂದೆ ಮುಂದೆ ನೋಡುತ್ತಾರೆ ಅಂತ ಅನ್ನಿಸಿದರೆ 1990ರ ದಶಕದ ಬಗ್ಗೆ ಕೇಳಿ ನೋಡಿ. ಆಗಿನ ಆರ್ಥಿಕ ಕುಸಿತವನ್ನು 'ಲಾಮಾ' ಅನ್ನುತ್ತಾರೆ. ಬ್ಯಾಂಕುಗಳು ಮುಳುಗಿದವು, ಸೋವಿಯತ್ ವ್ಯಾಪಾರ ನಿಂತುಹೋಯಿತು, ನಿರುದ್ಯೋಗ ಶೇ 16 ದಾಟಿತು. 1995ರಲ್ಲಿ ಯುರೋಪಿಯನ್ ಒಕ್ಕೂಟ ಸೇರಿದ್ದು ಆ ಕಷ್ಟದ ಬೆನ್ನಲ್ಲೇ. ಅಪ್ಪನ ಅಂಗಡಿ ಮುಚ್ಚಿದ್ದನ್ನು ಕಣ್ಣಾರೆ ಕಂಡ ಮಕ್ಕಳೇ ಈಗ ನಿಮ್ಮ ಮ್ಯಾನೇಜರ್‌ಗಳು. ಸಾಲ, ಖರ್ಚು ಕಡಿತ ಅಂತ ಸುದ್ದಿಯಲ್ಲಿ ದಿನಾ ಕೇಳುವ ಮಾತಿನ ಹಿಂದೆ ಈ ನೆನಪೂ ಇದೆ.

ರಷ್ಯಾದ ವಿಷಯ ಬಂದಾಗ ದಯವಿಟ್ಟು ಹುಷಾರಾಗಿ ಮಾತಾಡಿ. ಭಾರತ ರಷ್ಯಾದಿಂದ ಯಾಕೆ ತೈಲ ಕೊಳ್ಳುತ್ತದೆ ಅಂತ ಊಟದ ಟೇಬಲ್ಲಿನಲ್ಲಿ ನಿಮ್ಮನ್ನೇ ಕೇಳಬಹುದು. ವಾದಕ್ಕೆ ಇಳಿಯುವ ಮುಂಚೆ ಎದುರಿಗೆ ಕೂತವರ ಅಜ್ಜಿಯ ಊರು ಯಾವುದು ಅಂತ ಕೇಳಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಫಿನ್‌ಲ್ಯಾಂಡಿನ ಪೂರ್ವ ಭಾಗದ ಕರೇಲಿಯಾ ಸೋವಿಯತ್ ಪಾಲಾದಾಗ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟು ಬಂದರು. ಆಗ ಇಡೀ ದೇಶದ ಜನಸಂಖ್ಯೆಯೇ ನಲವತ್ತು ಲಕ್ಷದ ಹತ್ತಿರ ಇತ್ತು. ರಷ್ಯಾದ ಜೊತೆಗಿನ ಗಡಿ ಸುಮಾರು 1,340 ಕಿಲೋಮೀಟರ್. ಎಷ್ಟೋ ವರ್ಷ ನೇಟೊ ಬೇಡ ಅನ್ನುತ್ತಿದ್ದ ಜನ, 2022ರ ಫೆಬ್ರವರಿಯಲ್ಲಿ ಉಕ್ರೇನ್ ಮೇಲೆ ದಾಳಿ ಆದಮೇಲೆ ಕೆಲವೇ ವಾರಗಳಲ್ಲಿ ಮನಸ್ಸು ಬದಲಿಸಿದರು. ಮೇ ತಿಂಗಳಲ್ಲಿ ಸಂಸತ್ತು 188ಕ್ಕೆ 8 ಮತಗಳಿಂದ ಒಪ್ಪಿತು, 2023ರ ಏಪ್ರಿಲ್ 4ಕ್ಕೆ ಸದಸ್ಯತ್ವ ಸಿಕ್ಕಿತು. ಬೇರೆ ಎಲ್ಲದರಲ್ಲೂ ಕಚ್ಚಾಡುವ ಪಕ್ಷಗಳು ಇದೊಂದರಲ್ಲಿ ಹೀಗೆ ಒಟ್ಟಿಗೆ ನಿಂತದ್ದು ನನಗೆ ಈ ದೇಶದ ಮೇಲಿನ ಗೌರವವನ್ನು ಹೆಚ್ಚಿಸಿತು.

ಈಗ ಮುಖ್ಯ ವಿಷಯ. ಸಂಸತ್ ಚುನಾವಣೆಯಲ್ಲಿ ಮತ ಹಾಕಲು ಪೌರತ್ವ ಬೇಕು. ಅದನ್ನು ತೆಗೆದುಕೊಂಡರೆ ಭಾರತದ ಪಾಸ್‌ಪೋರ್ಟ್ ಬಿಡಬೇಕು, ಹಾಗಾಗಿ ನಮ್ಮಲ್ಲಿ ಎಷ್ಟೋ ಜನ ತಡೆದು ನಿಲ್ಲುತ್ತಾರೆ. ಆದರೆ ಸ್ಥಳೀಯ ಚುನಾವಣೆಗೆ ಪೌರತ್ವ ಬೇಡ! ಸತತ ಎರಡು ವರ್ಷ ಇಲ್ಲಿಯ ಯಾವುದಾದರೂ ಪುರಸಭೆಯಲ್ಲಿ ನೋಂದಾಯಿತರಾಗಿದ್ದು, ವಯಸ್ಸು 18 ಆಗಿದ್ದರೆ ಸಾಕು. ನೀವೇ ಅಭ್ಯರ್ಥಿಯಾಗಿ ನಿಲ್ಲಲೂಬಹುದು. ಡೇಕೇರ್, ಶಾಲೆ, ಗ್ರಂಥಾಲಯ ನೋಡಿಕೊಳ್ಳುವುದು ಇದೇ ಪುರಸಭೆ. ಆಸ್ಪತ್ರೆಗಳು 2023ರಿಂದ ಪ್ರಾದೇಶಿಕ ಮಂಡಳಿಗಳ ಕೈಯಲ್ಲಿವೆ, ಅವಕ್ಕೂ ನಿಮ್ಮ ಮತ ಇದೆ. ಹೆಲ್ಸಿಂಕಿಯಲ್ಲಿ ಮಾತ್ರ ಎರಡನ್ನೂ ನಗರವೇ ನೋಡಿಕೊಳ್ಳುತ್ತದೆ.

ಮತ ಹಾಕುವುದು ಸುಲಭ. ಮುಂಗಡ ಮತದಾನಕ್ಕೆ ಗ್ರಂಥಾಲಯಕ್ಕೋ ಮಾಲಿಗೋ ಗುರುತಿನ ಚೀಟಿ ಹಿಡಿದು ಹೋಗಿ. ಮತಯಂತ್ರ ಇಲ್ಲ, ಪಕ್ಷದ ಚಿಹ್ನೆಯೂ ಇಲ್ಲ. ಮಡಚಿದ ಒಂದು ಕಾಗದ ಕೊಡುತ್ತಾರೆ, ಒಳಗೆ ಒಂದು ವೃತ್ತ. ಅದರೊಳಗೆ ನಿಮ್ಮ ಅಭ್ಯರ್ಥಿಯ ನಂಬರನ್ನು ಕೈಯಲ್ಲೇ ಬರೆಯಬೇಕು. ನಂಬರುಗಳು 2ರಿಂದ ಶುರು, 1 ಯಾರಿಗೂ ಇಲ್ಲ. 1 ಯಾವುದು 7 ಯಾವುದು ಅಂತ ಸ್ಪಷ್ಟವಾಗಿ ಗೊತ್ತಾಗುವ ಹಾಗೆ ಬರೆಯಿರಿ. ಆಮೇಲೆ ಮಡಚಿ ಅಧಿಕಾರಿಗೆ ಕೊಟ್ಟರೆ ಮೇಲೊಂದು ಮುದ್ರೆ ಒತ್ತುತ್ತಾರೆ.

ಯಾರಿಗೆ ಹಾಕುವುದು ಅಂತ ಗೊತ್ತಾಗದಿದ್ದರೆ ಚುನಾವಣೆ ಹತ್ತಿರ ಬಂದಾಗ ಇಲ್ಲಿಯ ಸಾರ್ವಜನಿಕ ಪ್ರಸಾರ ಸಂಸ್ಥೆ ಯ್ಲೆಯ 'ವಾಲಿಕೊನೆ' ಅನ್ನುವ ಆನ್‌ಲೈನ್ ಪ್ರಶ್ನಾವಳಿ ನೋಡಿ. ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ನಿಮ್ಮ ಅಭಿಪ್ರಾಯಕ್ಕೆ ಹತ್ತಿರ ಇರುವ ಅಭ್ಯರ್ಥಿಗಳನ್ನು ತೋರಿಸುತ್ತದೆ. ಶನಿವಾರ ಪೇಟೆ ಚೌಕದಲ್ಲಿ ಪಕ್ಷಗಳ ಟೆಂಟ್ ಇರುತ್ತವೆ, ಕಾಫಿ ಕೊಡುತ್ತಾರೆ. ಹಿಂಜರಿಯಬೇಡಿ, ಹೋಗಿ ಕಾಫಿ ಕುಡಿಯುತ್ತಾ ಫಿನ್ನಿಷ್ ಕ್ಲಾಸಿಗೆ ಯಾಕಿಷ್ಟು ಕಾಯಬೇಕು ಅಂತ ನೇರವಾಗಿ ಕೇಳಿ. ಮಂತ್ರಿಗಳೇ ನಿಂತು ಉತ್ತರ ಕೊಡುವುದೂ ಉಂಟು.

ಮುಂದಿನ ಸ್ಥಳೀಯ ಚುನಾವಣೆ 2029ರ ಏಪ್ರಿಲ್‌ನಲ್ಲಿ. 2027 ಶುರುವಾಗುವ ಮುಂಚೆ ಇಲ್ಲಿ ಪುರಸಭೆಯ ನೋಂದಣಿ ಆದವರು, ಮಧ್ಯೆ ದೇಶ ಬಿಟ್ಟು ಹೋಗದಿದ್ದರೆ, ಅದರಲ್ಲಿ ಮತ ಹಾಕಬಹುದು. ಮನೆ ಬದಲಿಸಿದಾಗಲೆಲ್ಲ ವಿಳಾಸ ಬದಲಿಸಿದ್ದೀರಾ ಅಂತ ಈಗಲೇ ನೋಡಿಕೊಳ್ಳಿ.