ವೀಜಿಯ ಫೋಟೋದಲ್ಲಿ ಹೆಣ ಹುಡುಕಬೇಡಿ, ಮುಖ ನೋಡಿ

ನ್ಯೂಯಾರ್ಕಿನ ಇಂಟರ್‌ನ್ಯಾಷನಲ್ ಸೆಂಟರ್ ಆಫ್ ಫೋಟೊಗ್ರಫಿಯಲ್ಲಿ ಫೋಟೊಗ್ರಾಫರ್ ವೀಜಿಯ ಸುಮಾರು 20,000 ಪ್ರಿಂಟುಗಳಿವೆ. ಅದರಲ್ಲಿ ಒಂದಷ್ಟನ್ನು ಕಲಬುರಗಿಯಲ್ಲಿ ಕೂತೇ ಇಂಟರ್ನೆಟ್ಟಿನಲ್ಲಿ ನೋಡಬಹುದು. ಮೇ ತಿಂಗಳ ಮಧ್ಯಾಹ್ನ, ಹೊರಗೆ ಕಾಲಿಡಲು ಆಗದ ಬಿಸಿಲಿರುವಾಗ, ನಾನು ಕಿಟಕಿ ಮುಚ್ಚಿಕೊಂಡು ಇದೇ ಕೆಲಸ ಮಾಡುತ್ತೇನೆ.

ವೀಜಿಯ ನಿಜವಾದ ಹೆಸರು ಆರ್ಥರ್ ಫೆಲ್ಲಿಗ್. 1930-40ರ ದಶಕದಲ್ಲಿ ರಾತ್ರಿಯೆಲ್ಲಾ ನ್ಯೂಯಾರ್ಕ್ ಸುತ್ತಿ ಕೊಲೆ, ಬೆಂಕಿ, ಅಪಘಾತದ ಫೋಟೋ ತೆಗೆದು ಪತ್ರಿಕೆಗಳಿಗೆ ಮಾರುತ್ತಿದ್ದ. ಕಾರಿನಲ್ಲೇ ಪೊಲೀಸ್ ರೇಡಿಯೋ, ಡಿಕ್ಕಿಯಲ್ಲಿ ಟೈಪ್‌ರೈಟರ್.

ಮೊದಲು ಒಂದೇ ಒಂದು ಫೋಟೋ ಆರಿಸಿಕೊಳ್ಳಿ. ಸುಮ್ನೆ ಬೆರಳಾಡಿಸುತ್ತಾ ಐವತ್ತು ನೋಡಿದರೆ ಒಂದೂ ಉಳಿಯಲ್ಲ. ನಾನು ಹೇಳುವುದು 1941ರ ‘ದೇರ್ ಫಸ್ಟ್ ಮರ್ಡರ್’, ಅಂದರೆ ಅವರು ಕಂಡ ಮೊದಲ ಕೊಲೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಬ್ಬನನ್ನು ಗುಂಡಿಟ್ಟು ಕೊಂದ ಜಾಗ ಅದು. ಫೋಟೋದ ಕೆಳಗಿನ ವಿವರ ಈಗಲೇ ಓದಬೇಡಿ. ಪರದೆಯ ಬೆಳಕು ಜಾಸ್ತಿ ಮಾಡಿ, ದೊಡ್ಡದು ಮಾಡಿ, ಎಡದಿಂದ ಬಲಕ್ಕೆ ಒಂದೊಂದೇ ಮುಖದ ಹತ್ತಿರ ಹೋಗಿ. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಕತ್ತು ಚಾಚುತ್ತಿದ್ದಾರೆ. ನಗುತ್ತಿರುವವರೂ ಇದ್ದಾರೆ. ಅವರ ನಡುವೆ ಒಬ್ಬ ಹೆಂಗಸು, ಮುಖ ಸೊಟ್ಟಗಾಗುವಷ್ಟು ಅಳುತ್ತಿದ್ದಾಳೆ. ಹೆಣ ಎಲ್ಲೂ ಇಲ್ಲ! ಈಗ ವಿವರ ಓದಿ: ಆಕೆ ಸತ್ತವನ ಸಂಬಂಧಿ. ಇಷ್ಟು ತಿಳಿದ ಮೇಲೆ ಆ ನಗುವ ಮುಖಗಳಿಗೆ ಮತ್ತೆ ಹೋಗಿ. ನನಗೆ ಪ್ರತಿ ಸಲವೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ, ಮಕ್ಕಳ ಮೇಲೆ ಸಿಟ್ಟಂತೂ ಬರುವುದಿಲ್ಲ, ಯಾಕಂದರೆ ನಮ್ಮ ರಸ್ತೆಯಲ್ಲಿ ಅಪಘಾತ ಆದಾಗ ಸೇರುವ ಗುಂಪಿನಲ್ಲಿ ನಾನೂ ಕತ್ತು ಚಾಚಿದವನೇ.

ಆಮೇಲೆ ಬೆಳಕು ನೋಡಿ. ಮುಖ ಬೆಳ್ಳಗೆ, ಹಿಂದೆ ಕಪ್ಪು ಇರುವ ಅವನ ರಾತ್ರಿ ಫೋಟೋಗಳಿಗೆ ಕಾರಣ ಫ್ಲ್ಯಾಶ್ ಬಲ್ಬು. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಹಾಗಾಗಿ ಹತ್ತಿರದ ಮುಖ ಬೆಳಗಿದರೂ ಹಿಂದಿನದು ಕತ್ತಲಲ್ಲೇ ಉಳಿಯುತ್ತದೆ. ಅವನು ಹೆಚ್ಚಾಗಿ ಹತ್ತು ಅಡಿ ದೂರಕ್ಕೆ ಫೋಕಸ್ ಇಟ್ಟುಕೊಂಡಿರುತ್ತಿದ್ದ. ಒಂದು ಬಲ್ಬು ಒಂದೇ ಸಲ ಉರಿಯುತ್ತಿತ್ತು, ಅಂದರೆ ತಪ್ಪಿದರೆ ಆ ಗಳಿಗೆ ಹೋಯಿತು, ಅಲ್ವಾ?

ಎಲ್ಲವನ್ನೂ ನಂಬಲೂ ಬೇಡಿ. 1943ರ ‘ದಿ ಕ್ರಿಟಿಕ್’ನಲ್ಲಿ ಒಡವೆ ಹಾಕಿಕೊಂಡ ಶ್ರೀಮಂತ ಹೆಂಗಸರನ್ನು ಬಡವಿಯೊಬ್ಬಳು ದುರುಗುಟ್ಟಿ ನೋಡುತ್ತಾಳೆ. ಆಕೆಯನ್ನು ಬಾರ್‌ನಿಂದ ಕರೆತಂದು ನಿಲ್ಲಿಸಿದ್ದು ಅಂತ ಅವನ ಸಹಾಯಕನೇ ಮುಂದೆ ಹೇಳಿದ. ಫೋಟೋದ ಅಂಚನ್ನೂ ಕತ್ತರಿಸಲಾಗಿದೆ. ಹಾಗಾಗಿ ಅಂಚಿನಾಚೆ ಏನಿತ್ತು ಅಂತ ಪ್ರತಿ ಫೋಟೋದಲ್ಲೂ ಕೇಳಿಕೊಳ್ಳಿ.

ಕಣ್ಣು ಪಳಗಿಸಲು ನಮ್ಮಲ್ಲೇ ಒಳ್ಳೆ ಜಾಗ ಇದೆ. ಹೋಳಿ ಆದ ಮೇಲೆ ಶರಣಬಸವೇಶ್ವರರ ಜಾತ್ರೆಗೆ ಬನ್ನಿ. ಎಲ್ಲರೂ ತೇರಿನ ಫೋಟೋ ತೆಗೆಯುತ್ತಾರೆ, ನೀವು ತೇರಿಗೆ ಬೆನ್ನು ಮಾಡಿ ಜನರ ಕಡೆ ತಿರುಗಿ. ಫ್ಲ್ಯಾಶ್ ಬೇಡ, ಸಂಜೆ ಬೆಳಕು ಸಾಕು. ಒಬ್ಬರದೇ ಮುಖ ಬೇಕಿದ್ದರೆ ಕೇಳಿ ತೆಗೆಯಿರಿ. ಹೆಗಲ ಮೇಲೆ ಮಗು ಕೂರಿಸಿಕೊಂಡವರ ಎದುರು ನಿಂತರೆ ಮುಖಗಳು ಎರಡು ಸಾಲಾಗಿ ಸಿಗುತ್ತವೆ.